ಅಜ್ಜ-ಅಜ್ಜಿಯರಿಂದ ಮನೆತನದ ಕಥನ: ಒಂದು ಲೇಖನ ಪಾಠ

ತರಗತಿ: 7
ಅವಧಿ: 3
ಉದ್ದೇಶ: ಹಿರಿಯರನ್ನು ವಿಚಾರಿಸಿ, ಕೇಳಿದ್ದನ್ನು ಕ್ರಮವಾಗಿ ಬರೆಯುವ ಸಾಮರ್ಥ್ಯವನ್ನು ಬೆಳೆಸುವುದು.

ಪೀಠಿಕೆ
‘ನಿಮ್ಮ ಮನೆತನದ ಇತಿಹಾಸ ಬರೆಯಿರಿ’ ಎಂದೊಡನೆ ಅನೇಕ ಮಕ್ಕಳು ಸುಮ್ಮನಾಗುತ್ತಾರೆ. ಜತ್ತ ಭಾಗದ ವಿದ್ಯಾರ್ಥಿನಿಯೊಬ್ಬಳು ‘ನಮ್ಮ ಆಯಿ ಕೂಲಿ ಮಾಡುತ್ತಿದ್ದಳು’ ಎಂಬ ಒಂದೇ ವಾಕ್ಯ ಬರೆದು ಪೆನ್ನು ಕೆಳಗಿಟ್ಟಳೆಂದು ಇಟ್ಟುಕೊಳ್ಳಬಹುದು. ಇತಿಹಾಸವೆಂಬುದು ಅರಸರದು, ಕೂಲಿಯವರದಲ್ಲ ಎಂಬ ತಿಳುವಳಿಕೆ ಅವಳದು. ಅದನ್ನು ಹೋಗಲಾಡಿಸುವುದೇ ಈ ಪಾಠದ ಮೊದಲ ಕೆಲಸ.

ಕೇಳುವ ರೀತಿ
‘ಯಾವ ಇಸವಿಯಲ್ಲಿ ವಲಸೆ ಹೋದಿರಿ?’ ಎಂದರೆ ಅಜ್ಜಿಗೆ ಉತ್ತರ ತೋಚದು. ‘ಆಯಿ, ಬರಗಾಲದಾಗ ನೀ ಏನ ಕೆಲಸ ಮಾಡ್ತಿದ್ದಿ? ಏನ ಉಣ್ತಿದ್ರಿ?’ ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ರಸ್ತೆಗೆ ಖಡಿ ಒಡೆದದ್ದು, ಇಂಗುಕೆರೆಗೆ ಮಣ್ಣು ಹೊತ್ತದ್ದು, ಕೆಂಪು ಮಿಲೊ ಜೋಳದ ರೊಟ್ಟಿ ತಿಂದದ್ದು ಹೊರಬರುತ್ತವೆ. ಇದು 1972ರ ಬರಗಾಲವೆಂದು ಕಾಲವನ್ನು ಗುರುತಿಸಿಕೊಡುವುದು ಶಿಕ್ಷಕರ ಹೊಣೆ. ಮುಂದೆ ಟೋಳಿಯೊಡನೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಸಾಂಗಲಿ, ಕೊಲ್ಲಾಪುರಗಳ ಕಡೆ ಹೋದದ್ದು, ಯುಗಾದಿಗೆ ಮರಳಿದ್ದು, ಕೊನೆಗೆ ಈಗಿನ ಊರಿನಲ್ಲಿ ಮನೆ ಕಟ್ಟಿ ನೆಲೆ ನಿಂತದ್ದು ಒಂದೊಂದಾಗಿ ಕೂಡಿಕೊಳ್ಳುತ್ತವೆ.

ಊರು ಬಿಡದವರ ಕಥೆ
ವಲಸೆ ಹೋಗದ ಮನೆತನಗಳಿಗೂ ಕಥೆಯುಂಟು. 1940ರಲ್ಲಿ ಜತ್ತದಲ್ಲಿ ಹುಟ್ಟಿದ ಮುತ್ಯಾ ಸಂಸ್ಥಾನದ ಪ್ರಜೆ. 1948ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಮುಂಬಯಿ ಪ್ರಾಂತದವನು. 1960ರ ಮೇ 1ರಿಂದ ಮಹಾರಾಷ್ಟ್ರದವನು. ಈ ನಡುವೆ, 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಆ ಕಡೆಯ ಬೀಗರ ಊರು ಬೇರೆ ರಾಜ್ಯದ್ದಾಯಿತು. ಮನೆಯ ಹೊಸ್ತಿಲು ಮಾತ್ರ ಇದ್ದಲ್ಲಿಯೇ ಇದೆ.

ಬರವಣಿಗೆ
ಬಿಟ್ಟ ಊರು, ಮಾಡಿದ ಕೆಲಸ, ನೆಲೆ ನಿಂತ ಬಗೆ ಎಂಬ ಮೂರು ಭಾಗಗಳಲ್ಲಿ ಮಕ್ಕಳು ಬರೆಯಲಿ. ಖಡಿ, ಟೋಳಿ, ಮುಕಾದಮ ಮುಂತಾದ ಪದಗಳನ್ನು ತಪ್ಪೆಂದು ಹೊಡೆದುಹಾಕಬಾರದು. ಅವುಗಳ ಅರ್ಥವನ್ನು ಕೊನೆಯಲ್ಲಿ ಪಟ್ಟಿಮಾಡಿಸಬೇಕು. ದುಡಿಮೆಯ ನೆನಪು ಉಳಿದಿರುವುದು ಆ ಪದಗಳಲ್ಲಿಯೇ.

ಎಚ್ಚರಿಕೆ
ಸಾಲ, ಕಳೆದುಕೊಂಡ ಹೊಲ, ದಾರಿಯಲ್ಲಿ ತೀರಿಹೋದ ಕೂಸು ಇಂಥ ಸಂಗತಿಗಳು ಬಂದಾಗ ಹಿರಿಯರು ಮಾತು ನಿಲ್ಲಿಸಬಹುದು. ಅಲ್ಲಿ ಮಗುವೂ ನಿಲ್ಲಬೇಕು. ಮನೆಯವರು ಬೇಡವೆಂದದ್ದನ್ನು ತರಗತಿಯಲ್ಲಿ ಓದಿಸಬಾರದು.

ಮೌಲ್ಯಮಾಪನ
ಕಥನದ ಉದ್ದಕ್ಕಾಗಲಿ ಕಷ್ಟದ ಪ್ರಮಾಣಕ್ಕಾಗಲಿ ಅಂಕವಿಲ್ಲ; ಘಟನೆಗಳ ಕ್ರಮಕ್ಕೆ, ವಾಕ್ಯಗಳ ಸ್ಪಷ್ಟತೆಗೆ ಉಂಟು. ಶಿಕ್ಷಕರು ನೋಡುವ ಮೊದಲು ಮಗು ತನ್ನ ಬರೆಹವನ್ನು ಮನೆಯಲ್ಲಿ ಆಯಿಗೆ ಓದಿ ಹೇಳಲಿ. ಅದನ್ನು ತಿದ್ದುವ ಮೊದಲ ಹಕ್ಕು ಅವಳದು.