ತಗಡಿನ ಡಬ್ಬಿಯಲ್ಲಿ ತಂತಿಯಿಲ್ಲದ ವಾರ್ತೆ



ನಮ್ಮ ದೇಶದ ತಾರಿನ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೂ ಮೋರ್ಸ್ ಸಂಕೇತವು ಅಳಿಯಲಿಲ್ಲ. ಹವ್ಯಾಸಿ ರೇಡಿಯೋಗಾರರು ಇಂದಿಗೂ ಅದನ್ನು ಬಳಸುತ್ತಿರುವರು. ಅದಕ್ಕೆ ಬೇಕಾದ ಯಂತ್ರವನ್ನು ಬರಿದಾದ ಪೆಪ್ಪರ್‌ಮೆಂಟಿನ ಡಬ್ಬಿಯಲ್ಲಿ ಅಡಗಿಸಬಹುದು.

ಅದರ ಅಂಗಗಳು ಕೆಲವೇ. ಕ್ವಾರ್ಟ್ಸ್ ಹರಳು ಸೆಕೆಂಡಿಗೆ ಸುಮಾರು 70 ಲಕ್ಷ ಸಲ ಕಂಪಿಸುವುದು. ಟ್ರಾನ್ಸಿಸ್ಟರು ಆ ಕಂಪನವನ್ನು ಬಲಪಡಿಸುವುದು. ತಂತಿಯ ಸುರುಳಿಯೂ ಕೆಪಾಸಿಟರುಗಳೂ ಕೂಡಿ ಬೇಡದ ಕಂಪನಗಳನ್ನು ಸೋಸುವುವು. 9 ವೋಲ್ಟಿನ ಬ್ಯಾಟರಿಯೊಂದು ಸಾಕು. ಕೀಲಿಯನ್ನು ಒತ್ತಿದರೆ ಅಲೆಯು ಹೊರಡುವುದು, ಬಿಟ್ಟರೆ ನಿಲ್ಲುವುದು. ಗೆರೆಯು ಚುಕ್ಕೆಯ ಮೂರರಷ್ಟು ಉದ್ದ. ಹೊರಗಿಂದ ಬಂದ ಅಲೆಯು ಹರಳಿನ ಅಲೆಯೊಡನೆ ಬೆರೆತಾಗ, ಅವೆರಡರ ಅಂತರವೇ ಶಿಳ್ಳಿನಂತೆ ಕಿವಿಗೆ ಕೇಳಿಸುವುದು.

ತಗಡು ವಿದ್ಯುತ್ತನ್ನು ಹರಿಯಗೊಡುವುದಾದ ಕಾರಣ ಡಬ್ಬಿಯ ತಳಕ್ಕೆ ದಪ್ಪ ರಟ್ಟನ್ನು ಹಾಸಬೇಕು. ಮರೆತರೆ ಬೆಸುಗೆಯ ತುದಿಗಳು ತಗಡನ್ನು ಮುಟ್ಟಿ ಯಂತ್ರವು ಮೂಕವಾಗುವುದು.

ಸುಮಾರು 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಎರಡು ತೋಳುಗಳಾಗಿ ಕಲಬುರಗಿಯ ಮಾಳಿಗೆಯ ಮೇಲೆ ಕಟ್ಟಿದರೆ, ಹಗಲಿನಲ್ಲಿ ಅಲೆಯು ಅಯಾನುಮಂಡಲಕ್ಕೇರಿ ಮರಳಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಇಳಿಯಬಲ್ಲದು.

ಇದು ಬರಿಯ ಆಟವಲ್ಲ. 2001ರ ಜನವರಿ 26ರಂದು ಕಚ್ಛದಲ್ಲಿ ಭೂಮಿಯು ನಡುಗಿ ದೂರವಾಣಿಗಳು ಕೆಟ್ಟಾಗ, ಹವ್ಯಾಸಿ ರೇಡಿಯೋಗಾರರು ವಾರ್ತೆಗಳನ್ನು ಮುಟ್ಟಿಸಿದರು. ಆದರೆ ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯದೆ ಯಾರೂ ಅಲೆಯನ್ನು ಹೊರಡಿಸಬಾರದು.

ಆದುದರಿಂದ ಮಗಳು ಬೆಸುಗೆ ಹಾಕುವೆನೆಂದರೆ ತಡೆಯಬೇಡಿರಿ. ಬಳಿಯಲ್ಲಿ ಕುಳಿತು ದೀಪವನ್ನು ಹಿಡಿಯಿರಿ.