ಕಡಲಿಗಿಳಿಯುವ ಮುನ್ನ ದೋಣಿಯ ದುರಸ್ತಿ



ಶಿರಾದಿಂದ ಸಮುದ್ರ ಬಹಳ ದೂರ. ಹಾಯಿದೋಣಿಯನ್ನು ನಾನು ಹತ್ತಿರದಿಂದ ನೋಡಿದವನಲ್ಲ. ಆದರೆ ದ್ವಿತೀಯ ಪಿಯುಸಿಯ ಎಲೆಕ್ಟ್ರೋಕೆಮಿಸ್ಟ್ರಿ ಪಾಠದಲ್ಲಿ ತುಕ್ಕಿನ ಬಗ್ಗೆ ಓದುವಾಗ ನನಗೆ ಎರಡು ಸಂಗತಿ ನೆನಪಾದವು: ಒಂದು ಅಬ್ಬಾ ಮಾಡುವ ಕೆಲಸ, ಇನ್ನೊಂದು ನಮ್ಮ ನೌಕಾಪಡೆಯ ‘ತಾರಿಣಿ’.

ಅಬ್ಬಾ ಕೊಳವೆಬಾವಿಗಳಿಗೆ ಮೋಟಾರ್ ಇಳಿಸುತ್ತಾರೆ. ಎರಡು ವರ್ಷದ ಹಿಂದೆ ಪಾವಗಡದ ಕಡೆ ಒಂದು ಹೊಲದಲ್ಲಿ, ಕತ್ತಲಾಗುತ್ತದೆಂಬ ಅವಸರಕ್ಕೆ, ಒಂದು ಹಳೆಯ ಕಬ್ಬಿಣದ ಪೈಪಿನ ಥ್ರೆಡ್ಡನ್ನು ಉಜ್ಜಿ ನೋಡದೆ ಇಳಿಸಿಬಿಟ್ಟರು. ವಾರದೊಳಗೆ ತುಕ್ಕು ತಿಂದ ಜಾಗದಲ್ಲೇ ಪೈಪು ಕಳಚಿ, ಮೋಟಾರ್ ಆಳಕ್ಕೆ ಬಿತ್ತು. ಮೇಲೆತ್ತಲು ಆಗಲೇ ಇಲ್ಲ. ಆ ರೈತರ ಬೆಳೆ ಒಣಗಿತು. ಮೋಟಾರಿನ ಹಣವನ್ನು ಅಬ್ಬಾ ತಿಂಗಳು ತಿಂಗಳು ತೀರಿಸಿದರು. ‘ಮೇಲಿದ್ದಾಗ ಐದು ನಿಮಿಷದ ಕೆಲಸವಾಗಿತ್ತು ಕಣೋ’ ಎಂದು ಈಗಲೂ ಹೇಳುತ್ತಾರೆ.

ಸಾಗರ ದಾಟುವ ದೋಣಿಯದೂ ಇದೇ ಕಥೆ. ಚಳಿ ದೇಶಗಳಲ್ಲಿ ಚಳಿಗಾಲ ಬಂದರೆ ಹಾಯಿದೋಣಿಯನ್ನು ದಡಕ್ಕೆ ಎತ್ತಿಟ್ಟು ದುರಸ್ತಿ ಮಾಡುತ್ತಾರೆ. ನಮ್ಮ ಕರಾವಳಿಯಲ್ಲಿ ಮುಂಗಾರಿನ ಅಬ್ಬರಕ್ಕೆ ದೋಣಿಗಳು ದಡ ಸೇರುವುದರಿಂದ ಮಳೆಗಾಲವೇ ಆ ಕೆಲಸದ ಕಾಲ. ಆಗ ನೋಡಬೇಕಾದದ್ದು ಮುಖ್ಯವಾಗಿ ನಾಲ್ಕು.

1. ತಳ: ನೀರಿನಲ್ಲಿರುವ ಭಾಗಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟಿ ದೋಣಿಯ ವೇಗ ಕುಗ್ಗುತ್ತದೆ. ಅವನ್ನು ಕೆರೆದು, ಸಾಮಾನ್ಯವಾಗಿ ತಾಮ್ರದ ಸಂಯುಕ್ತವಿರುವ ಬಣ್ಣ ಹಚ್ಚುತ್ತಾರೆ.

2. ಹಾಯಿಕಂಬದ ತಂತಿಗಳು: ಕಂಬವನ್ನು ಹಿಡಿದು ನಿಲ್ಲಿಸುವ ಉಕ್ಕಿನ ಹಗ್ಗದಲ್ಲಿ ಒಂದು ಎಳೆ ಕಡಿದಿದ್ದರೂ ಬಿರುಗಾಳಿಯಲ್ಲಿ ಕಂಬವೇ ಉರುಳಬಹುದು. ತಂತಿಯ ಮೇಲೆ ಬಟ್ಟೆ ಎಳೆದರೆ ಕಡಿದ ಎಳೆ ಸಿಕ್ಕಿಕೊಳ್ಳುತ್ತದೆ.

3. ಹಾಯಿ ಮತ್ತು ಚುಕ್ಕಾಣಿ: ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಾಯಿಯ ಹೊಲಿಗೆ ದುರ್ಬಲವಾಗುತ್ತದೆ, ಮತ್ತೆ ಹೊಲಿಸಬೇಕು. ಚುಕ್ಕಾಣಿ ಸಡಿಲವಾಗಿದೆಯೇ ಎಂದು ಅಲುಗಾಡಿಸಿ ನೋಡಬೇಕು.

4. ಸತುವಿನ ತುಂಡು: ನಮ್ಮ ಪಾಠ ಇಲ್ಲಿದೆ. ಉಪ್ಪುನೀರು ಒಳ್ಳೆಯ ಎಲೆಕ್ಟ್ರೋಲೈಟ್. ಅದರಲ್ಲಿ ಕಂಚಿನ ಪ್ರೊಪೆಲ್ಲರ್, ಉಕ್ಕಿನ ದಂಡ ಒಂದನ್ನೊಂದು ತಾಗಿಕೊಂಡಿದ್ದರೆ ಅದೇ ಒಂದು ಸೆಲ್. ತಾಮ್ರದ ಎಲೆಕ್ಟ್ರೋಡ್ ಪೊಟೆನ್ಶಿಯಲ್ +0.34 ವೋಲ್ಟ್, ಕಬ್ಬಿಣದ್ದು -0.44, ಸತುವಿನದು -0.76. ಸತು ಎಲ್ಲಕ್ಕಿಂತ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವುದರಿಂದ ತಾನು ಕರಗಿ ಉಳಿದ ಲೋಹಗಳನ್ನು ಕಾಯುತ್ತದೆ. ಅರ್ಧ ಕರಗಿದಾಗಲೇ ಹೊಸ ತುಂಡು ಹಾಕಬೇಕು.

ಇನ್ನು ತಾರಿಣಿ. ಗೋವಾದಲ್ಲಿ ಕಟ್ಟಿದ, ಸುಮಾರು 56 ಅಡಿ ಉದ್ದದ ಈ ಹಾಯಿದೋಣಿಯಲ್ಲಿ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ 2018ರ ಮೇ 21ರಂದು ಮರಳಿದರು. ದಾರಿಯಲ್ಲಿ ಫ್ರೀಮ್ಯಾಂಟಲ್, ಲಿಟಲ್ಟನ್, ಪೋರ್ಟ್ ಸ್ಟಾನ್ಲಿ, ಕೇಪ್‌ಟೌನ್ ಬಂದರುಗಳಲ್ಲಿ ನಿಂತು ದೋಣಿಯನ್ನು ಸಜ್ಜುಗೊಳಿಸಿಕೊಂಡರು. ಇಷ್ಟಾದರೂ ಕೊನೆಯ ಹಂತದಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು, ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಲ್ಲಿಸಿ ಸರಿಪಡಿಸಬೇಕಾಯಿತು. ಮುಂದೆ ಇದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳು 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ಮತ್ತೊಮ್ಮೆ ಭೂಮಿಯನ್ನು ಸುತ್ತಿ ಬಂದರು.

ಎಷ್ಟು ನೋಡಿಕೊಂಡರೂ ಒಂದು ಕೆಡಬಹುದು. ನೋಡದೆ ಹೊರಟರೆ ನಾಲ್ಕೂ ಒಟ್ಟಿಗೆ ಕೆಡುತ್ತವೆ. ನಡುಗಡಲಿನಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲ. ಈಗ ಅಬ್ಬಾ ಎಷ್ಟೇ ಹೊತ್ತಾಗಲಿ, ಪ್ರತಿ ಥ್ರೆಡ್ಡನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ ನೋಡುತ್ತಾರೆ. ರಜೆಯಲ್ಲಿ ಟಾರ್ಚ್ ಹಿಡಿಯುವವನು ನಾನೇ.

ಕೊನೆಗೊಂದು ಪ್ರಶ್ನೆ: ಚೆನ್ನಾಗಿ ಕಾಣಲೆಂದು ಸತುವಿನ ತುಂಡಿಗೂ ಬಣ್ಣ ಬಳಿದರೆ ಏನಾಗುತ್ತದೆ? ಉತ್ತರ ಬರೆದು ನಿಮ್ಮ ಕೆಮಿಸ್ಟ್ರಿ ಉಪನ್ಯಾಸಕರಿಗೆ ತೋರಿಸಿ.