ಬೆಕ್ಕಿನ ತಟ್ಟೆಗೆ ಜೇಡಿಮಣ್ಣಿನ ಬದಲು ದಿಂಡಿನ ನುಚ್ಚು

ಧಾನ್ಯ ಕೂಡಿಡುವ ಮನೆಗಳಲ್ಲಿ ಇಲಿಗಳ ಕಾಟಕ್ಕಾಗಿ ಬೆಕ್ಕನ್ನು ಸಾಕುವುದು ರೂಢಿ. ಬೆಕ್ಕು ಸಡಿಲವಾದ ಜಾಗವನ್ನು ಕೆದರಿ ಮಲ ಮಾಡಿ ಮುಚ್ಚುವ ಪ್ರಾಣಿಯಾದ್ದರಿಂದ ಹೊಟ್ಟಿನ ಗುಡ್ಡೆ, ಮೇವಿನ ರಾಶಿ, ತರಕಾರಿ ಪಾತಿಗಳೇ ಅದಕ್ಕೆ ಮೆಚ್ಚು. ಇಲಿ ಅಥವಾ ಹಸಿ ಮಾಂಸ ತಿಂದ ಬೆಕ್ಕಿನ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಕೋಶಗಳಿರಬಹುದು. ಇವು ಮೇವಿನೊಡನೆ ಹೊಟ್ಟೆ ಸೇರಿದರೆ ಗಬ್ಬದ ಕುರಿ, ಮೇಕೆಗಳು ಕಂದು ಹಾಕುವ ಸಂಭವವಿದೆ. ಗರ್ಭಿಣಿ ಸ್ತ್ರೀಯರಿಗೂ ಇದರಿಂದ ಅಪಾಯ ಉಂಟು. ಆದುದರಿಂದ ಮೇವಿನ ರಾಶಿಯನ್ನು ಮುಚ್ಚಿಟ್ಟು, ಬೆಕ್ಕಿಗೆ ಒಂದು ಮೂಲೆಯಲ್ಲಿ ತಟ್ಟೆಯಿಟ್ಟು ಅಭ್ಯಾಸ ಮಾಡಿಸುವುದು ಮೇಲು.

ತಟ್ಟೆಗೆ ಜೇಡಿಮಣ್ಣನ್ನು ತುಂಬಿ ಮಾರುವ ವ್ಯಾಪಾರವನ್ನು 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ ಆರಂಭಿಸಿದ. ಅದಕ್ಕೆ ಮೊದಲು ಅಲ್ಲಿಯೂ ಬೂದಿ, ಮರಳೇ ಗತಿ. ಈಗ ಅಂಗಡಿಗಳಲ್ಲಿ ದೊರೆಯುವ ಬೆಂಟೊನೈಟ್ ಜೇಡಿ ಒದ್ದೆಯಾದೊಡನೆ ಉಬ್ಬಿ ಉಂಡೆಗಟ್ಟುತ್ತದೆ, ತೆಗೆಯಲು ಸುಲಭ. ಆದರೆ ಭಾರ ಹೆಚ್ಚು, ಧೂಳು ಏಳುತ್ತದೆ, ಎಸೆದಲ್ಲಿ ಕೊಳೆಯುವುದಿಲ್ಲ. ಮುಸುಕಿನ ಜೋಳ ಬೆಳೆಯುವವರು ಕಣದಲ್ಲಿ ದಿಂಡು ಬಿದ್ದಿರುವಾಗ ಹಣ ಕೊಟ್ಟು ಮಣ್ಣು ತರಬೇಕಾಗಿಲ್ಲ.

ಕಾಳು ಬಿಡಿಸಿದ ದಿಂಡನ್ನು ಚೆನ್ನಾಗಿ ಒಣಗಿಸಿ, ಕಡಲೆಬೇಳೆ ಗಾತ್ರಕ್ಕೆ ಒಡೆದು, ಜರಡಿ ಹಿಡಿದು ಧೂಳು ತೆಗೆಯಬೇಕು. ಬೂಷ್ಟು ಹಿಡಿದ ದಿಂಡು ಬೇಡ. ಮರದ ಹೊಟ್ಟೂ ಆಗುತ್ತದೆ. ಆದರೆ ಗೆದ್ದಲಿನ ಔಷಧಿ ಹಚ್ಚಿದ ಮರದ್ದು, ಪ್ಲೈವುಡ್ಡಿನದು ಸಲ್ಲದು, ಏಕೆಂದರೆ ಬೆಕ್ಕು ತನ್ನ ಪಾದಗಳನ್ನು ನೆಕ್ಕುತ್ತದೆ. ಬತ್ತದ ಹೊಟ್ಟು ನೀರನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಒಂದನ್ನೇ ಬಳಸಬಾರದು.

ಜೇಡಿಗೆ ಒಗ್ಗಿದ ಬೆಕ್ಕಿಗೆ ಒಮ್ಮೆಲೇ ಬದಲಾಯಿಸಿದರೆ ಅದು ತಟ್ಟೆ ಬಿಟ್ಟು ಮತ್ತೆ ಮೇವಿನ ರಾಶಿಗೇ ಹೋದೀತು. ಮೊದಲು ಮೂರು ಪಾಲು ಜೇಡಿಗೆ ಒಂದು ಪಾಲು ನುಚ್ಚು ಬೆರೆಸಿ, ನಾಲ್ಕೈದು ದಿನಗಳಿಗೊಮ್ಮೆ ನುಚ್ಚನ್ನು ಹೆಚ್ಚಿಸುತ್ತಾ ಹೋಗಬೇಕು. ಬೆಕ್ಕು ಹಿಂಜರಿದರೆ ಹಿಂದಿನ ಪ್ರಮಾಣಕ್ಕೆ ಮರಳಿ ಕೆಲವು ದಿನ ಕಾಯುವುದು. ತಟ್ಟೆಯಲ್ಲಿ ಸುಮಾರು 5 ಸೆಂ.ಮೀ. ಆಳ ಇರಲಿ.

ನುಚ್ಚು ಜೇಡಿಯಂತೆ ಉಂಡೆಗಟ್ಟುವುದಿಲ್ಲ. ಹೀಗಾಗಿ ಮೂತ್ರ ಹೋದದ್ದು ಸುಲಭವಾಗಿ ಕಾಣದು. ಗಂಡು ಬೆಕ್ಕು ಪದೇ ಪದೇ ತಟ್ಟೆಗೆ ಹೋಗಿ ತಿಣುಕುತ್ತಿದ್ದರೆ ಮೂತ್ರ ಕಟ್ಟಿರಬಹುದು. ಅಂದೇ ಪಶುವೈದ್ಯರಿಗೆ ತೋರಿಸತಕ್ಕದ್ದು.

ಮಲವನ್ನು ಪ್ರತಿದಿನ ತೆಗೆಯುವುದು ಅತ್ಯವಶ್ಯಕ. ರೋಗಕೋಶಗಳು ಹೊರಬಿದ್ದ 1ರಿಂದ 5 ದಿನಗಳ ನಂತರವೇ ಸೋಂಕು ತಗುಲಿಸುವ ಶಕ್ತಿ ಪಡೆಯುತ್ತವೆ. ಈ ಕೆಲಸವನ್ನು ಗರ್ಭಿಣಿಯರಿಗೆ ವಹಿಸಬಾರದು. ಮಾಡುವವರು ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು. ವಾರಕ್ಕೊಮ್ಮೆ ತಟ್ಟೆಯನ್ನು ಕುದಿಯುವ ನೀರಿನಿಂದ ತೊಳೆಯಿರಿ. ಫಿನಾಯಿಲ್ ಬೆಕ್ಕಿಗೆ ವಿಷ, ಅದನ್ನು ಬಳಸಬೇಡಿ.

ದಿಂಡು ಕೊಳೆತು ಗೊಬ್ಬರವಾಗುವುದು ನಿಜ. ಆದರೂ ಬಳಸಿದ ನುಚ್ಚನ್ನು ತಿಪ್ಪೆಗೆ ಸೇರಿಸಬೇಡಿ. ಒದ್ದೆ ಮಣ್ಣಿನಲ್ಲಿ ಆ ಕೋಶಗಳು ವರ್ಷಕ್ಕೂ ಮೀರಿ ಬದುಕಿರಬಲ್ಲವು. ತಿಪ್ಪೆಯಿಂದ ಸೊಪ್ಪಿನ ಮಡಿಗೆ, ಅಲ್ಲಿಂದ ಊಟದ ಎಲೆಗೆ ಬಂದಾವು. ಬಾವಿ, ಮೇವು, ತರಕಾರಿ ಮಡಿಗಳಿಂದ ದೂರದಲ್ಲಿ, ಹೊಂಗೆಯಂಥ ಮರದ ಬುಡದಲ್ಲಿ ಗುಂಡಿ ತೆಗೆದು ಹೂಳಿ ಮಣ್ಣು ಮುಚ್ಚಿರಿ.